ಸಂಗಾತಿಯ ‘ಒಲ್ಲೆ’: ಕಥಾ ಆಟಗಳಲ್ಲಿ ಪ್ರೀತಿ, ಆಯ್ಕೆ ಮತ್ತು ನೀತಿ

(ಪುಣೆ ಬಳಿಯ ಭೋಸರಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ದತ್ತಿ ಉಪನ್ಯಾಸವೆಂದರೆ ವಚನ, ದಾಸಸಾಹಿತ್ಯ, ಗಡಿನಾಡ ಕನ್ನಡ ಇಂಥ ವಿಷಯಗಳನ್ನು ನಿರೀಕ್ಷಿಸುವುದು ವಾಡಿಕೆ. ನಾನು ಇಂದು ವಿಡಿಯೋ ಗೇಮ್‌ಗಳ ಬಗ್ಗೆ ಮಾತನಾಡುತ್ತೇನೆ. ಅದರಲ್ಲೂ ಒಂದು ಸಣ್ಣ ಭಾಗದ ಬಗ್ಗೆ. ಕಥೆಯುಳ್ಳ ದೊಡ್ಡ ಆಟಗಳಲ್ಲಿ ಆಟಗಾರನ ಜೊತೆಗೆ ಒಬ್ಬ ಸಂಗಾತಿ ನಡೆಯುತ್ತಾಳೆ ಅಥವಾ ನಡೆಯುತ್ತಾನೆ. ಜೊತೆಗೆ ಕಾದುತ್ತಾರೆ, ಡೇರೆಯಲ್ಲಿ ಕುಳಿತು ಮಾತಾಡುತ್ತಾರೆ, ಆಟಗಾರ ಮನಸ್ಸು ಮಾಡಿದರೆ ಪ್ರೀತಿಯೂ ಬೆಳೆಯುತ್ತದೆ. ಆ ಪ್ರೀತಿಯ ಸುತ್ತ ಆಟಗಾರ ಮಾಡುವ ಆಯ್ಕೆಗಳನ್ನು ಆಟ ಸರಿ ಅಥವಾ ತಪ್ಪು ಎಂದು ಹೇಗೆ ತೋರಿಸುತ್ತದೆ? ಆ ತೀರ್ಪನ್ನು ಯಾರು ಬರೆದಿರುತ್ತಾರೆ? ಇದು ನನ್ನ ವಿಷಯ.

ಇದು ಭೋಸರಿಗೆ ಏಕೆ ಬೇಕು ಎಂದು ನೀವು ಕೇಳಬಹುದು. ವಿಜಯಪುರ, ಕಲಬುರಗಿ, ಬೀದರ, ಬೆಳಗಾವಿ ಕಡೆಯಿಂದ ಬಂದು ಇಲ್ಲಿಯ ಎಂಐಡಿಸಿ ಕೈಗಾರಿಕಾ ವಸಾಹತಿನ ಲೇತು, ಪ್ರೆಸ್, ಸಿಎನ್‌ಸಿ ಯಂತ್ರಗಳ ಮುಂದೆ ನಿಂತು ಸಂಸಾರ ಕಟ್ಟಿದವರ ಮಕ್ಕಳು, ಮೊಮ್ಮಕ್ಕಳು ಈಗ ಇಲ್ಲೇ ಬೆಳೆದಿದ್ದಾರೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಅವರ ಕಥೆಯ ಹಸಿವನ್ನು ತೀರಿಸುವ ದೊಡ್ಡ ಪಾಲು ಇಂದು ಪುಸ್ತಕದ್ದಲ್ಲ, ಆಟದ್ದು. ಪುಣೆ ಆಟಗಳನ್ನು ಆಡುವ ಊರು ಮಾತ್ರವೂ ಅಲ್ಲ, ಕಟ್ಟುವ ಊರು. ಯೂಬಿಸಾಫ್ಟ್ ಎಂಬ ಫ್ರೆಂಚ್ ಕಂಪನಿಯ ಸ್ಟುಡಿಯೋ 2008ರಿಂದ ಇಲ್ಲಿದೆ. ದುರ್ಗೆ ಮತ್ತು ವಿಷ್ಣು ಸೂತ್ರಧಾರರಾಗಿ ಕಥೆ ಹೇಳುವ ‘ರಾಜಿ’ ಎಂಬ ಆಟವನ್ನು 2020ರಲ್ಲಿ ಹೊರತಂದ ನಾಡಿಂಗ್ ಹೆಡ್ಸ್ ಗೇಮ್ಸ್ ಪುಣೆಯ ತಂಡ. ನಮ್ಮ ಮಕ್ಕಳಲ್ಲಿ ಕೆಲವರಾದರೂ ನಾಳೆ ಇಂಥ ಕಡೆ ಕೆಲಸಕ್ಕೆ ಹೋಗುವವರು. ಹಾಗಾಗಿ ಇದು ನಮ್ಮ ಮನೆಯ ವಿಷಯ.

ಮೊದಲು ಆಟಗಳು ಪಾಪಪುಣ್ಯವನ್ನು ಹೇಗೆ ಗುರುತು ಹಾಕುತ್ತವೆ ಎಂಬುದನ್ನು ನೋಡೋಣ. ಅಲ್ಲಿಂದ ನಮ್ಮದೇ ಒಂದು ಹಳೆಯ ಪ್ರೇಮದ ಕಥೆಗೆ ಹೋಗೋಣ. ಬಳಿಕ ಪ್ರೀತಿಯನ್ನು ಅಂಕಗಳಲ್ಲಿ ಅಳೆಯುವ ಪದ್ಧತಿ, ಸಂಗಾತಿ ‘ಒಲ್ಲೆ’ ಎಂದಾಗ ಆಗುವುದೇನು ಎಂಬುದು, ಕೊನೆಗೆ ಆದದ್ದನ್ನು ಆಗಲಿಲ್ಲ ಎನ್ನಿಸುವ ಆಟದ ಒಂದು ವಿಚಿತ್ರ ಶಕ್ತಿ. ಈ ಭಾಗಗಳಿಗೆ ನಾನು ಸಮನಾದ ಸಮಯ ಕೊಡುವುದಿಲ್ಲ. ಸಂಗಾತಿಯ ‘ಒಲ್ಲೆ’ಯ ಬಳಿ ಹೆಚ್ಚು ಹೊತ್ತು ನಿಲ್ಲಬೇಕೆಂದಿದ್ದೇನೆ.

ಪಾಪಪುಣ್ಯದ ಗುರುತಿನ ಮಾತನ್ನು ನಮ್ಮ ನೆರೆಯಿಂದಲೇ ಆರಂಭಿಸೋಣ. ಇಲ್ಲಿಂದ ಆಳಂದಿ ಎಷ್ಟು ಹತ್ತಿರವೆಂದು ನಿಮಗೆ ಹೇಳಬೇಕಾಗಿಲ್ಲ. ಆಷಾಢ ಏಕಾದಶಿಯ ವಾರಿಗಾಗಿ ಸಂತ ಜ್ಞಾನೇಶ್ವರರ ಪಾಲಕಿ ಆಳಂದಿಯಿಂದ ಹೊರಟು ದಿಘಿ ದಾಟಿ ಭೋಸರಿ ಫಾಟಾದ ಮೂಲಕವೇ ಪುಣೆಗೆ ಹೋಗುತ್ತದೆ. ನಿಮ್ಮಲ್ಲಿ ಎಷ್ಟೋ ಮಂದಿ ಆ ದಿನ ರಸ್ತೆಬದಿಯಲ್ಲಿ ನಿಂತು ವಾರಕರಿಗಳಿಗೆ ನೀರು, ಚಹಾ ಕೊಟ್ಟವರು. ಮಹಾರಾಷ್ಟ್ರದಲ್ಲಿ ಒಂದು ಪ್ರತೀತಿ ಇದೆ. ಮೋಕ್ಷಪಟ ಎಂಬ ಆಟ, ಅಂದರೆ ನಾವು ಇಂದು ಹಾವು ಏಣಿ ಎನ್ನುವ ಆಟದ ಮೂಲರೂಪ, ಜ್ಞಾನೇಶ್ವರರಿಂದ ಬಂದದ್ದು ಎಂದು. ಕರ್ತೃತ್ವದ ಚರ್ಚೆಯನ್ನು ವಿದ್ವಾಂಸರಿಗೆ ಬಿಡೋಣ. ನಮ್ಮ ಕಡೆ ಇದೇ ಆಟ ಪರಮಪದ ಸೋಪಾನ ಪಟ. ವೈಕುಂಠ ಏಕಾದಶಿಯ ಜಾಗರಣೆಯ ರಾತ್ರಿ ನಿದ್ದೆ ತಡೆಯಲು ಮನೆಮಂದಿಯೆಲ್ಲ ಕೂತು ಆಡುತ್ತಿದ್ದರು. ವೈಷ್ಣವರ ಪಟದಲ್ಲಿ 72 ಮನೆಗಳಿರುವುದುಂಟು, ಜೈನರ ಪಟದಲ್ಲಿ 84. ಪ್ರತಿ ಮನೆಗೂ ಒಂದು ಹೆಸರು: ದಯೆ, ಭಕ್ತಿ, ವೈರಾಗ್ಯದ ಮನೆಯಿಂದ ಏಣಿ ಏರುತ್ತದೆ, ಅಹಂಕಾರ, ಮತ್ಸರ, ಕಾಮದ ಮನೆಯಲ್ಲಿ ಹಾವಿನ ಬಾಯಿ ತೆರೆದಿರುತ್ತದೆ.

ಆ ಪಟದಲ್ಲಿ ಆಟಗಾರನಿಗೆ ಆಯ್ಕೆ ಇಲ್ಲ. ದಾಳ ಬಿದ್ದಂತೆ ಕಾಯಿ ನಡೆಯುತ್ತದೆ. ಆದರೆ ಯಾವ ಮನೆಯ ಮೇಲೆ ಏಣಿ ಇಡಬೇಕು, ಯಾವ ಮನೆಯಲ್ಲಿ ಹಾವು ಇಡಬೇಕು ಎಂದು ಒಬ್ಬರು ಮೊದಲೇ ತೀರ್ಮಾನಿಸಿ ಬರೆದಿದ್ದಾರೆ. ಆಟದ ನೀತಿ ಇರುವುದು ಆ ತೀರ್ಮಾನದಲ್ಲಿ. ಕಾಮದ ಮನೆಯಲ್ಲಿ ಹಾವು ಬರೆದ ಚಿತ್ರಕಾರ ದಾಂಪತ್ಯದ ಪ್ರೀತಿಗೆ ಏನು ಬರೆದ? ಆ ಹೆಸರಿನ ಮನೆಯನ್ನು ಅವನು ಬರೆದನೇ, ಬಿಟ್ಟನೇ? ಹಳೆಯ ಪಟ ಕೈಗೆ ಸಿಕ್ಕಿದಾಗ ನಾನು ಹುಡುಕುವುದು ಇದನ್ನೇ.

ಕಂಪ್ಯೂಟರ್ ಆಟ ಬಂದ ಮೇಲೆ ದಾಳದ ಜೊತೆಗೆ ಆಯ್ಕೆಯೂ ಸೇರಿತು. ರಿಚರ್ಡ್ ಗ್ಯಾರಿಯಟ್ ಎಂಬವರು 1985ರಲ್ಲಿ ‘ಅಲ್ಟಿಮಾ 4’ ಎಂಬ ಆಟ ಹೊರತಂದರು. ಅದರಲ್ಲಿ ರಾಕ್ಷಸರಾಜನನ್ನು ಕೊಲ್ಲುವುದು ಗುರಿಯಲ್ಲ. ಎಂಟು ಸದ್ಗುಣಗಳನ್ನು ಬಾಳಿ ತೋರಿಸಿ ‘ಅವತಾರ’ವಾಗುವುದು ಗುರಿ. ಅವತಾರವೆಂಬ ಪದವನ್ನೇ ಅವರು ನಮ್ಮಿಂದ ಪಡೆದರು. ಆ ಆಟದಲ್ಲಿ ಗಿಡಮೂಲಿಕೆ ಮಾರುವ ಒಬ್ಬ ಕುರುಡಿ ಇದ್ದಾಳೆ. ಅವಳಿಗೆ ಕೊಡಬೇಕಾದ ಹಣವನ್ನು ಆಟಗಾರ ತಾನೇ ಎಣಿಸಿ ಕೊಡಬೇಕು. ಕಡಿಮೆ ಕೊಟ್ಟರೂ ಅವಳಿಗೆ ತಿಳಿಯುವುದಿಲ್ಲ, ಸಾಮಾನು ಕೈಗೆ ಬರುತ್ತದೆ, ಪರದೆಯ ಮೇಲೆ ಯಾವ ಎಚ್ಚರಿಕೆಯೂ ಮೂಡುವುದಿಲ್ಲ. ಆದರೆ ಆಟ ಒಳಗೇ ಲೆಕ್ಕ ಬರೆದುಕೊಳ್ಳುತ್ತದೆ. ಎಷ್ಟೋ ಹೊತ್ತಿನ ನಂತರ ಅರಮನೆಯ ಜ್ಞಾನಿಯೊಬ್ಬನ ಬಳಿ ಹೋಗಿ ಕೇಳಿದಾಗ ನಿನ್ನ ಪ್ರಾಮಾಣಿಕತೆ ಕುಂದಿದೆ ಎಂಬ ಮಾತು ಕೇಳಬೇಕಾಗುತ್ತದೆ. ನಲವತ್ತು ವರ್ಷ ಹಳೆಯ ಈ ಒಂದು ಪ್ರಸಂಗ, ಆಮೇಲೆ ಬಂದ ಎಷ್ಟೋ ದೊಡ್ಡ ಆಟಗಳಿಗಿಂತ ಸೂಕ್ಷ್ಮವಾದದ್ದು ಎಂಬುದು ನನ್ನ ಅಭಿಪ್ರಾಯ.

ಏಕೆಂದರೆ ಆಮೇಲೆ ಬಂದವರು ಲೆಕ್ಕವನ್ನು ಬಯಲಿಗಿಟ್ಟರು. ಕೆನಡಾದ ಬಯೋವೇರ್ ಸಂಸ್ಥೆ 2007ರಲ್ಲಿ ತಂದ ‘ಮಾಸ್ ಇಫೆಕ್ಟ್’ನಲ್ಲಿ ಸಜ್ಜನಿಕೆಗೆ ನೀಲಿ, ಒರಟುತನಕ್ಕೆ ಕೆಂಪು. ಯಾವ ಮಾತಿಗೆ ಯಾವ ಬಣ್ಣವೆಂದು ಆಡುವವನಿಗೆ ಬೇಗನೆ ಗೊತ್ತಾಗಿಬಿಡುತ್ತದೆ. ಅಲ್ಲಿ ಕೆಲಸ ಮಾಡಿದ್ದ ಜಾನ್ ಎಬೆಂಗರ್ 2020ರಲ್ಲಿ ಹೇಳಿದಂತೆ ಶೇಕಡಾ 92ರಷ್ಟು ಆಟಗಾರರು ನೀಲಿ ದಾರಿಯನ್ನೇ ಹಿಡಿದರಂತೆ. ಕೇಳಲು ಸಂತೋಷದ ಸುದ್ದಿ. ಆದರೆ ಬಣ್ಣ ಬಳಿದು ತೋರಿಸಿದ ದಾರಿಯನ್ನು ಹಿಡಿದವನು ವಿವೇಚಿಸಿದ್ದು ಎಷ್ಟು ಎಂಬ ಪ್ರಶ್ನೆ ಉಳಿಯುತ್ತದೆ.

ಈಗ ಎರಡನೆಯ ಮಾತಿಗೆ ಬರುತ್ತೇನೆ. ಏಣಿ, ಹಾವು ಬರೆಯುವವರು ಬದಲಾದರೆ ಅದೇ ಕಥೆ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಕನ್ನಡದಷ್ಟು ಒಳ್ಳೆಯ ಉದಾಹರಣೆ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಜನ್ನ 1209ರಲ್ಲಿ ‘ಯಶೋಧರ ಚರಿತೆ’ ಬರೆದ. ಕಥೆ ನಿಮಗೆ ಗೊತ್ತು. ಯಶೋಧರ ರಾಜನ ಪಕ್ಕದಲ್ಲಿ ಮಲಗಿದ್ದ ರಾಣಿ ಅಮೃತಮತಿಗೆ ನಡುರಾತ್ರಿ ಗಜಶಾಲೆಯಿಂದ ಒಂದು ಹಾಡು ಕೇಳುತ್ತದೆ. ಹಾಡಿದವನು ಮಾವುತ ಅಷ್ಟಾವಂಕ, ಕುರೂಪಿ. ಅವನು ಎಂಥವನೆಂದು ಸಖಿ ಬಂದು ಹೇಳಿದರೂ ರಾಣಿಯ ಮನಸ್ಸು ಹಿಂದಿರುಗುವುದಿಲ್ಲ. ಒಂದು ರಾತ್ರಿ ರಾಜ ಬೆನ್ನುಹತ್ತಿ ಹೋಗುತ್ತಾನೆ, ಕಣ್ಣಾರೆ ಕಾಣುತ್ತಾನೆ, ಕತ್ತಿ ಎತ್ತುತ್ತಾನೆ, ತಡೆದುಕೊಂಡು ಮರಳುತ್ತಾನೆ. ತಾಯಿಗೆ ನಿಜ ಹೇಳಲಾರದೆ ಕೆಟ್ಟ ಕನಸೆನ್ನುತ್ತಾನೆ. ತಾಯಿ ಬಲಿ ಕೊಡು ಎನ್ನುತ್ತಾಳೆ. ಕೊನೆಗೆ ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟರೂ ಕೊಲ್ಲುವ ಸಂಕಲ್ಪವೇ ಹಿಂಸೆಯಾಗಿ ತಾಯಿ ಮಗ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ನರಳುತ್ತಾರೆ. ಅವರಿಗೆ ವಿಷವಿಟ್ಟ ಅಮೃತಮತಿಗೆ ನರಕ.

ಜನ್ನನ ಚೌಕಟ್ಟು ಜೈನಧರ್ಮದ್ದು. ಅಹಿಂಸೆ ಅದರ ಅಳತೆಗೋಲು. ಆ ಅಳತೆಗೋಲನ್ನು ಅವನು ಎಲ್ಲೂ ಸಡಿಲಿಸುವುದಿಲ್ಲ, ಆದರೂ ರಾಣಿಯ ಮೋಹವನ್ನು ಎಷ್ಟು ತೀವ್ರವಾಗಿ ಬರೆದಿದ್ದಾನೆಂದರೆ ಓದುಗರು ಎಂಟು ಶತಮಾನಗಳಿಂದ ಅವಳ ಬಗ್ಗೆಯೇ ಮಾತಾಡುತ್ತಿದ್ದಾರೆ. ಇದೇ ಕಥೆಯನ್ನು ಗಿರೀಶ ಕಾರ್ನಾಡರು 1980ರಲ್ಲಿ ‘ಹಿಟ್ಟಿನ ಹುಂಜ’ ನಾಟಕವಾಗಿ ಮತ್ತೆ ಕಟ್ಟಿದರು. ಅಲ್ಲಿ ಜೈನಳಾಗಿ ಹುಟ್ಟಿದವಳು ರಾಣಿ. ಅವಳಿಗಾಗಿ ಆ ಧರ್ಮಕ್ಕೆ ಬಂದವನು ರಾಜ. ಹಿಂಸೆಯ ಪ್ರಶ್ನೆಯನ್ನು ಎತ್ತುವ ಅಧಿಕಾರ ಈಗ ರಾಣಿಯ ಕೈಗೆ ಬಂತು. ಮಾವುತನೂ ಬಾಯಿ ತುಂಬ ಮಾತಾಡುವ ಮನುಷ್ಯನಾದ. ಅದೇ ರಾತ್ರಿ, ಅದೇ ಹಾಡು, ಅದೇ ಹಿಟ್ಟಿನ ಹುಂಜ. ಆದರೆ ಪ್ರೇಕ್ಷಕ ಯಾರ ಪಕ್ಕದಲ್ಲಿ ಕುಳಿತು ನೋಡುತ್ತಾನೆ ಎಂಬುದು ಬದಲಾಯಿತು. ಜನ್ನನದು ಹಳತು, ಕಾರ್ನಾಡರದು ಆಧುನಿಕ, ಆದ್ದರಿಂದ ಮೇಲು ಎಂದು ನಾನು ಹೇಳುತ್ತಿಲ್ಲ. ಎರಡನ್ನೂ ಓದಿದವನಿಗೆ ಚೌಕಟ್ಟು ಕಣ್ಣಿಗೆ ಬೀಳುತ್ತದೆ. ಒಂದನ್ನೇ ಓದಿದವನಿಗೆ ಅದು ಕಾಣುವುದು ಕಷ್ಟ.

ಈ ಕಣ್ಣನ್ನು ಇಟ್ಟುಕೊಂಡು ಮೂರನೆಯ ಭಾಗಕ್ಕೆ, ಆಟಗಳ ಪ್ರೀತಿಗೆ ಬರೋಣ.

ಬಹುಪಾಲು ಆಟಗಳಲ್ಲಿ ಸಂಗಾತಿಯ ಮನಸ್ಸು ಒಂದು ಅಂಕಿ. ಬಯೋವೇರ್‌ನದೇ ‘ಡ್ರ್ಯಾಗನ್ ಏಜ್: ಆರಿಜಿನ್ಸ್’ (2009) ಇದಕ್ಕೆ ಮಾದರಿ. ಪ್ರತಿ ಸಂಗಾತಿಗೂ ಒಂದು ಮಾಪಕ. ಅವರಿಗೆ ಇಷ್ಟವಾಗುವ ಮಾತಾಡಿದರೆ ಏರುತ್ತದೆ, ಇಷ್ಟವಿಲ್ಲದ ಕೆಲಸ ಮಾಡಿದರೆ ಇಳಿಯುತ್ತದೆ. ಉಡುಗೊರೆ ಕೊಟ್ಟರೂ ಏರುತ್ತದೆ. ಹಳ್ಳಿಯೊಂದರಲ್ಲಿ ಕ್ರೌರ್ಯ ಎಸಗಿ ಬಂದು, ಡೇರೆಯಲ್ಲಿ ನಾಲ್ಕು ಒಡವೆ ಕೊಟ್ಟು ಮಾಪಕವನ್ನು ಸರಿಮಾಡಿಕೊಳ್ಳಬಹುದು. ‘ಸ್ಟಾರ್ಡ್ಯೂ ವ್ಯಾಲಿ’ (2016) ಎಂಬ ಮುದ್ದಾದ ಒಕ್ಕಲುತನದ ಆಟದಲ್ಲೂ ವಾರವಾರವೂ ಉಡುಗೊರೆ ಕೊಟ್ಟು ಹೃದಯದ ಗುರುತುಗಳನ್ನು ತುಂಬಿಸಿದರೆ ಮದುವೆಯಾಗಬಹುದು. ಪೋಲೆಂಡಿನ ‘ದ ವಿಚರ್’ ಆಟದ 2007ರ ಮೊದಲ ಭಾಗದಲ್ಲಿ ಇದು ತೀರ ಕೆಳಕ್ಕಿಳಿದಿತ್ತು. ನಾಯಕನ ಜೊತೆ ಮಲಗಿದ ಪ್ರತಿ ಹೆಂಗಸಿನ ಚಿತ್ರವಿರುವ ಒಂದೊಂದು ಕಾರ್ಡು ಆಟಗಾರನ ಸಂಗ್ರಹಕ್ಕೆ ಸೇರುತ್ತಿತ್ತು.

ತಾಯಿತಂದೆಯರಿಗೆ ಸಾಮಾನ್ಯವಾಗಿ ಇಂಥ ಆಟಗಳಲ್ಲಿ ಆತಂಕ ತರುವುದು ಮುತ್ತು, ಶಯ್ಯೆಯ ದೃಶ್ಯ. ಅದು ಸಹಜ, ಇವುಗಳಲ್ಲಿ ಕೆಲವು ಹದಿನೆಂಟು ದಾಟಿದವರಿಗೆಂದೇ ಗುರುತಾದ ಆಟಗಳು, ಆ ಗುರುತನ್ನು ಮನೆಯಲ್ಲಿ ಪಾಲಿಸಬೇಕು. ಆದರೆ ನನ್ನನ್ನು ಹೆಚ್ಚು ಕಾಡುವುದು ಆ ದೃಶ್ಯಗಳಲ್ಲ, ಉಡುಗೊರೆಯ ಲೆಕ್ಕ. ಇಷ್ಟು ಹಾಕಿದರೆ ಇಷ್ಟು ಬರಬೇಕು ಎಂಬ ನಿರೀಕ್ಷೆಯನ್ನು ಅದು ಮೆಲ್ಲಗೆ ಅಭ್ಯಾಸ ಮಾಡಿಸುತ್ತದೆ. ಸರಿಯಾದ ಉತ್ತರಗಳನ್ನು ಸರಿಯಾದ ಕ್ರಮದಲ್ಲಿ ಒತ್ತಿದ ಮೇಲೂ ಎದುರಿನವರು ಒಪ್ಪದಿದ್ದರೆ ಅದು ಆಟದ ದೋಷವೆಂದು ಆಟಗಾರನಿಗೆ ಅನ್ನಿಸತೊಡಗುತ್ತದೆ. ನಮ್ಮ ಸಿನಿಮಾಗಳು ಬೆನ್ನುಹತ್ತಿ ಕಾಡಿದರೆ ಹುಡುಗಿ ಒಲಿಯುತ್ತಾಳೆಂದು ದಶಕಗಳ ಕಾಲ ತೋರಿಸಿದವು. ಆ ಪಾಠಕ್ಕೆ ಈ ಲೆಕ್ಕ ಬಹಳ ದೂರದ್ದಲ್ಲ.

ಹಾಗೆಂದು ಆ ಆಟಗಳನ್ನೇ ತಳ್ಳಿಹಾಕಬೇಕಾಗಿಲ್ಲ. ಅದೇ ‘ಡ್ರ್ಯಾಗನ್ ಏಜ್’ನಲ್ಲಿ ಅಲಿಸ್ಟೇರ್ ಎಂಬ ಸಂಗಾತಿ ಇದ್ದಾನೆ. ತನಗೆ ತಂದೆಯಂತಿದ್ದ ಗುರುವನ್ನು ಯುದ್ಧದಲ್ಲಿ ಕೈಬಿಟ್ಟು ಸಾವಿಗೆ ಕಾರಣನಾದ ಸೇನಾಪತಿ ಲೋಗೇನ್‌ನ ಮೇಲೆ ಅವನಿಗೆ ಆರದ ಸಿಟ್ಟು. ಆಟಗಾರ ಆ ಸೇನಾಪತಿಯನ್ನು ಕ್ಷಮಿಸಿ ತನ್ನ ಪಡೆಗೆ ಸೇರಿಸಿಕೊಂಡರೆ ಅಲಿಸ್ಟೇರ್ ಬಿಟ್ಟು ಹೋಗುತ್ತಾನೆ. ಮಾಪಕ ತುಂಬಿದ್ದರೂ ಹೋಗುತ್ತಾನೆ, ಪ್ರೀತಿಯಲ್ಲಿದ್ದರೂ ಹೋಗುತ್ತಾನೆ. ಕ್ಷಮಿಸಿದ್ದು ತಪ್ಪೇ? ಆಟ ಹಾಗೆನ್ನುವುದಿಲ್ಲ. ಕ್ಷಮೆಗೂ ಬೆಲೆ ಇದೆ, ಅದನ್ನು ತೆರಬೇಕಾದವರು ಯಾರೆಂದು ಮಾತ್ರ ತೋರಿಸುತ್ತದೆ. ‘ದ ವಿಚರ್’ ಕೂಡ 2015ರ ಮೂರನೆಯ ಭಾಗದ ಹೊತ್ತಿಗೆ ಬೆಳೆದಿತ್ತು. ಯೆನಿಫರ್, ಟ್ರಿಸ್ ಎಂಬ ಇಬ್ಬರು ಹೆಂಗಸರಿಗೂ ನೀನೇ ನನ್ನ ಪ್ರೀತಿ ಎಂದ ನಾಯಕನಿಗೆ ಕೊನೆಗೆ ಇಬ್ಬರೂ ಸಿಗುವುದಿಲ್ಲ. ಎಂಟು ವರ್ಷದಲ್ಲಿ ಅದೇ ತಂಡ ಕಾರ್ಡಿನಿಂದ ಇಲ್ಲಿಗೆ ಬಂತು ಎಂಬುದನ್ನು ಗೌರವದಿಂದ ಹೇಳಬೇಕು.

ಈಗ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆಂದ ಜಾಗಕ್ಕೆ ಬಂದಿದ್ದೇವೆ.

ಬೆಲ್ಜಿಯಂನ ಲೇರಿಯನ್ ಸ್ಟುಡಿಯೋಸ್ 2023ರ ಆಗಸ್ಟ್‌ನಲ್ಲಿ ‘ಬಾಲ್ಡರ್ಸ್ ಗೇಟ್ 3’ ಹೊರತಂದಿತು. ಆ ವರ್ಷದ ಅತ್ಯುತ್ತಮ ಆಟವೆಂಬ ದೊಡ್ಡ ಪ್ರಶಸ್ತಿಗಳನ್ನು ಗೆದ್ದಿತು. ಅದರಲ್ಲಿ ಆಸ್ಟೇರಿಯನ್ ಎಂಬ ಸಂಗಾತಿ. ಅವನಿಗೆ ದನಿ, ಚಲನೆ ಕೊಟ್ಟ ನೀಲ್ ನ್ಯೂಬನ್ ಆ ವರ್ಷದ ಅತ್ಯುತ್ತಮ ನಟನೆಯ ಪ್ರಶಸ್ತಿ ಪಡೆದರು. ಆಸ್ಟೇರಿಯನ್ ರಕ್ತಪಿಶಾಚಿ. ಇನ್ನೂರು ವರ್ಷ ಕಾಝಡೋರ್ ಎಂಬ ಒಡೆಯನ ಗುಲಾಮನಾಗಿದ್ದವನು. ಆ ಇನ್ನೂರು ವರ್ಷ ಅವನ ಕೆಲಸ ಏನೆಂದರೆ, ತನ್ನ ರೂಪದಿಂದ ಜನರನ್ನು ಮರುಳುಮಾಡಿ ಒಡೆಯನ ಬಾಯಿಗೆ ಒಯ್ದು ಕೊಡುವುದು. ಅವನ ದೇಹ ಅವನದಾಗಿರಲಿಲ್ಲ. ಆಟಗಾರನಿಗೆ ಮೊದಲು ಇದು ತಿಳಿದಿರುವುದಿಲ್ಲ. ಚೆಲುವ, ಚೂಪು ನಾಲಗೆಯವ, ತಾನಾಗಿಯೇ ಸರಸಕ್ಕೆ ಬರುತ್ತಾನೆ. ಎಷ್ಟೋ ಆಟಗಾರರು ಒಪ್ಪುತ್ತಾರೆ. ಒಂದು ವರ್ಷ ತುಂಬಿದಾಗ ಕಂಪನಿ ಕೊಟ್ಟ ಲೆಕ್ಕದಂತೆ ಆ ಆಟದಲ್ಲಿ ಸಂಗಾತಿಗಳಿಗೆ ಕೊಟ್ಟ ಮುತ್ತುಗಳು ಏಳೂವರೆ ಕೋಟಿಗೂ ಹೆಚ್ಚು, ಅದರಲ್ಲಿ ಒಂದೂವರೆ ಕೋಟಿ ಆಸ್ಟೇರಿಯನ್‌ಗೆ.

ಕಥೆಯ ನಡುಭಾಗದಲ್ಲಿ ಮೂನ್‌ರೈಸ್ ಎಂಬ ಗೋಪುರದಲ್ಲಿ ಅರಾಜ್ ಎಂಬ ವ್ಯಾಪಾರಿ ಹೆಂಗಸು ಸಿಗುತ್ತಾಳೆ. ರಕ್ತ, ಮದ್ದುಗಳ ವ್ಯಾಪಾರ ಅವಳದು. ರಕ್ತಪಿಶಾಚಿಯಿಂದ ಕಚ್ಚಿಸಿಕೊಳ್ಳಬೇಕೆಂಬುದು ಅವಳ ಬಹುದಿನದ ಆಸೆ. ಆಸ್ಟೇರಿಯನ್ ಒಲ್ಲೆ ಎನ್ನುತ್ತಾನೆ. ಅವಳ ರಕ್ತದ ವಾಸನೆಯೇ ಅವನಿಗೆ ಹೇಸಿಗೆ. ಆಗ ಅವಳು ಆಟಗಾರನ ಕಡೆ ತಿರುಗಿ, ನೀನಾದರೂ ಇವನಿಗೆ ಹೇಳು ಎಂಬಂತೆ ನೋಡುತ್ತಾಳೆ. ಕೊಡುವ ಪ್ರತಿಫಲವೂ ಸಣ್ಣದಲ್ಲ, ಕುಡಿದವರ ಬಲವನ್ನು ಶಾಶ್ವತವಾಗಿ ಹೆಚ್ಚಿಸುವ ಅಪರೂಪದ ಮದ್ದು. ಆಟದಲ್ಲಿ ಬಲವೆಂದರೆ ಎಲ್ಲವೂ. ಪರದೆಯ ಕೆಳಗೆ ಮಾತಿನ ಸಾಲುಗಳು ಮೂಡುತ್ತವೆ: ಅವನ ಇಷ್ಟ, ಅವನೇ ಹೇಳಲಿ ಎನ್ನುವ ಒಂದು ಸಾಲು, ಒಂದು ಸಲ ಕಚ್ಚಿದರೆ ಏನಾಯಿತು ಎಂದು ಒತ್ತಾಯಿಸುವ ಇನ್ನೊಂದು ಸಾಲು.

ಈ ದೃಶ್ಯವನ್ನು ನಮ್ಮ ಪರಿಚಯದ ಮನೆಯೊಂದರಲ್ಲಿ ಒಬ್ಬ ಹುಡುಗನ ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ಎಂಐಡಿಸಿಯ ವರ್ಕ್‌ಶಾಪಿನಲ್ಲಿ ದುಡಿದು, ಸಂಜೆ ಸ್ನಾನ ಮುಗಿಸಿ ಲ್ಯಾಪ್‌ಟಾಪಿನ ಮುಂದೆ ಕೂರುವ ಹುಡುಗ. ಮದ್ದಿನ ಗುಣ ಅವನಿಗೆ ಚೆನ್ನಾಗಿ ಗೊತ್ತಿತ್ತು. ಬಾಣದ ಗುರುತು ಎರಡನೆಯ ಸಾಲಿನ ಮೇಲೆ ಹೋಯಿತು, ಅಲ್ಲಿ ನಿಂತಿತು. “ಮಾಮಾ, ಅಂವಾ ಬ್ಯಾಡ ಅಂದಾನಲ್ರೀ” ಎಂದ. ನಾನು ಏನೂ ಹೇಳಲಿಲ್ಲ. ಅವನು ಮೊದಲ ಸಾಲನ್ನು ಒತ್ತಿದ.

ಈ ಪ್ರಸಂಗದಲ್ಲಿ ನೀಲಿ ಇಲ್ಲ, ಕೆಂಪು ಇಲ್ಲ. ಮದ್ದು ಸಿಗುವುದು ಒತ್ತಾಯಿಸಿದವನಿಗೆ. ಅಂದರೆ ಆಟದ ಲಾಭವೆಲ್ಲ ತಪ್ಪಿನ ಕಡೆಗಿದೆ. ಒತ್ತಾಯಿಸಿದರೆ ಆಸ್ಟೇರಿಯನ್ ಕಚ್ಚುತ್ತಾನೆ. ಆಮೇಲೆ ಅವನ ಮಾತಿನಲ್ಲಿ ತಾನು ಮತ್ತೆ ಇನ್ನೊಬ್ಬರ ಕೈಯ ಸಾಧನವಾದೆ ಎಂಬ ನೋವು, ಸಿಟ್ಟು. ಒತ್ತಾಯಿಸದಿದ್ದರೆ ಮದ್ದು ಇಲ್ಲ. ಆದರೆ ಅವನಿಗೆ ಆಟಗಾರನಲ್ಲಿ ಮೊದಲೇ ವಿಶ್ವಾಸ ಬೆಳೆದಿದ್ದರೆ ಒಂದು ಮಾತುಕತೆ ತೆರೆಯುತ್ತದೆ. ತಾನು ಮೊದಲು ಸರಸಕ್ಕೆ ಬಂದದ್ದು ರಕ್ಷಣೆಗಾಗಿ ಹೂಡಿದ ಉಪಾಯವಾಗಿತ್ತು, ಆ ಉಪಾಯದೊಳಗೆ ನಿಜವಾದ ಪ್ರೀತಿ ಹುಟ್ಟಿದ್ದು ತನಗೇ ತಿಳಿಯಲಿಲ್ಲ ಎಂದು ಅವನು ಒಪ್ಪಿಕೊಳ್ಳುತ್ತಾನೆ. ಆಗ ಆಟಗಾರ, ಹಿಂದೆ ತಾನು ಗೆಲುವೆಂದುಕೊಂಡಿದ್ದ ಆ ಮೊದಲ ರಾತ್ರಿಯನ್ನು ಹೊಸ ಕಣ್ಣಿನಿಂದ ನೋಡಬೇಕಾಗುತ್ತದೆ. ಅವನು ಅಂದು ಹೂಂ ಎಂದದ್ದು ಬಿಡುಗಡೆ ಹೊಂದಿದ ಮನುಷ್ಯನ ಹೂಂ ಆಗಿತ್ತೇ? ಆಟಗಾರನನ್ನು ತಪ್ಪಿತಸ್ಥನೆನ್ನದೆ, ಉಪದೇಶವನ್ನೂ ಮಾಡದೆ ಇಷ್ಟು ಕಠಿಣವಾದ ಪ್ರಶ್ನೆಯನ್ನು ಅವನೆದುರು ಇಟ್ಟ ಬರವಣಿಗೆಯನ್ನು ನಾನು ಸಾಹಿತ್ಯವೆಂದೇ ಕರೆಯುತ್ತೇನೆ.

ಕಥೆಯ ಕೊನೆಯ ಭಾಗದಲ್ಲಿ ಇನ್ನೂ ದೊಡ್ಡ ಆಯ್ಕೆ. ಕಾಝಡೋರ್ ಸಿದ್ಧಪಡಿಸಿದ್ದ ಒಂದು ವಿಧಿಯನ್ನು ಆಸ್ಟೇರಿಯನ್ ತಾನೇ ಪೂರೈಸಿದರೆ ಬಿಸಿಲಿಗೂ ಅಂಜದ ಮಹಾಬಲ ಅವನದಾಗುತ್ತದೆ. ಅದಕ್ಕೆ ಏಳು ಸಾವಿರ ಜೀವಗಳ ಬಲಿ ಬೇಕು. ಆ ಏಳು ಸಾವಿರದಲ್ಲಿ ಬಹುಮಂದಿ ಅವನಂತೆಯೇ ಮೋಸಹೋದವರು, ಕೆಲವರನ್ನು ಒಯ್ದುಕೊಟ್ಟವನು ಅವನೇ. ಇನ್ನೆಂದೂ ಯಾರಿಗೂ ಹೆದರಬಾರದೆಂದು ಅವನು ಅಂಗಲಾಚುತ್ತಾನೆ, ಸಹಾಯ ಮಾಡು ಎನ್ನುತ್ತಾನೆ. ಪ್ರೀತಿಸುವವನು ಬೇಡಿದ್ದನ್ನು ಕೊಡುವುದು ಪ್ರೀತಿಯೇ? ತಡೆದರೆ ಅವನ ಇಷ್ಟವನ್ನು ಮೀರಿದಂತಾಗುವುದಿಲ್ಲವೇ? ಈಗಷ್ಟೇ ಅವನ ‘ಒಲ್ಲೆ’ಯನ್ನು ಮನ್ನಿಸಿದ ಆಟಗಾರ ಇಲ್ಲಿ ಅವನ ‘ಬೇಕು’ಗೆ ಎದುರು ನಿಲ್ಲಬೇಕಾಗಿದೆ. ಎರಡೂ ಒಂದೇ ತಕ್ಕಡಿಯವಲ್ಲ, ಏಕೆಂದರೆ ಇಲ್ಲಿ ಬಾಯಿಲ್ಲದ ಏಳು ಸಾವಿರ ಮಂದಿ ಇದ್ದಾರೆ. ಮನವೊಲಿಸಲು ಹೊರಟರೆ ಪರದೆಯ ಮೇಲೆ ಇಪ್ಪತ್ತು ಮುಖದ ದಾಳ ಉರುಳುತ್ತದೆ. ಒಳ್ಳೆಯ ಮಾತೂ ಒಮ್ಮೊಮ್ಮೆ ಸೋಲುತ್ತದೆ ಎಂಬುದು ಆ ದಾಳದ ಅರ್ಥ. ವಿಧಿ ಪೂರೈಸಿದವನು ಪ್ರಿಯಕರನಾಗಿ ಉಳಿಯುತ್ತಾನೆ, ಆದರೆ ಒಡೆಯನ ದನಿಯಲ್ಲಿ ಮಾತಾಡತೊಡಗುತ್ತಾನೆ. ಪ್ರೀತಿಸಿದವರನ್ನು ತನ್ನ ಸ್ವತ್ತಿನಂತೆ ಕಾಣುತ್ತಾನೆ. ವಿಧಿಯನ್ನು ಕೈಬಿಟ್ಟವನು ಪ್ರೀತಿಸಿದವರನ್ನು ತನ್ನದೇ ಸಮಾಧಿಯ ಬಳಿಗೆ ಕರೆದೊಯ್ದು ತೋರಿಸುತ್ತಾನೆ.

ನಾನು ಕಂಡುಕೊಂಡ ಅಳತೆ ಇಲ್ಲಿದೆ. ಒಂದು ಆಟ ನೀತಿಯ ಬಗ್ಗೆ ಗಂಭೀರವಾಗಿದೆಯೇ ಎಂದು ತಿಳಿಯಲು ಅದರ ಒಳ್ಳೆಯ ದಾರಿ ಕೆಟ್ಟ ದಾರಿಗಳ ಹಲಗೆಗಳನ್ನು ನೋಡಿದರೆ ಸಾಲದು. ಸಂಗಾತಿ ಒಲ್ಲೆ ಎಂದಾಗ ಆ ಮಾತಿಗೆ ಕಥೆಯಲ್ಲಿ ತೂಕವಿದೆಯೇ ಎಂದು ನೋಡಬೇಕು. ತಾಯಿತಂದೆಯರಲ್ಲಿ ನನ್ನ ವಿನಂತಿಯೂ ಇದೇ. ದೊಡ್ಡ ಮಕ್ಕಳು ಇಂಥ ಆಟ ಆಡುತ್ತಿದ್ದರೆ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತು, ಈಗ ಅವಳು ಏನಂದಳು, ನೀನು ಏನಂದೆ, ಯಾಕೆ ಎಂದು ಕೇಳಿ. ಬೈಯುವುದಕ್ಕಿಂತ ಅದು ದೂರ ಹೋಗುತ್ತದೆ.

ಇನ್ನು ಕೊನೆಯ ಭಾಗ. ಇದು ಪುಣೆಗೆ ಸೇರಿದ್ದು.

ಬದುಕಿನಲ್ಲಿ ಇಲ್ಲದ, ಆಟದಲ್ಲಿ ಮಾತ್ರ ಇರುವ ಒಂದು ಅನುಕೂಲವಿದೆ. ಆಟವನ್ನು ಉಳಿಸಿಟ್ಟು, ತಪ್ಪು ಮಾತಾಡಿ ಸಂಗಾತಿಗೆ ಸಿಟ್ಟು ಬಂದರೆ ಹಿಂದಕ್ಕೆ ಹೋಗಿ ಮತ್ತೆ ಆಡುವುದು. ಆಟಗಾರನಿಗೆ ನೆನಪಿರುತ್ತದೆ, ಸಂಗಾತಿಗೆ ಇರುವುದಿಲ್ಲ. ಈ ಅನುಕೂಲವನ್ನೇ ಕಥೆಯ ವಸ್ತುವಾಗಿ ಮಾಡಿದ ಆಟ ‘ಪ್ರಿನ್ಸ್ ಆಫ್ ಪರ್ಷಿಯಾ: ದ ಸ್ಯಾಂಡ್ಸ್ ಆಫ್ ಟೈಮ್’, 2003ರದು, ಬರೆದವರು ಜೋರ್ಡನ್ ಮೆಕ್ನರ್. ರಾಜಕುಮಾರನ ಕೈಯಲ್ಲಿ ಕಾಲವನ್ನು ಹಿಂದಕ್ಕೆ ಸರಿಸುವ ಕಠಾರಿ. ಸಂಗಾತಿ ಫರಾ, ಭಾರತದ ಮಹಾರಾಜನೊಬ್ಬನ ಮಗಳು, ಬಿಲ್ಲುಗಾರ್ತಿ. ಇಬ್ಬರೂ ಸೇರಿ ಆಪತ್ತುಗಳನ್ನು ದಾಟುತ್ತಾರೆ, ಪ್ರೀತಿ ಹುಟ್ಟುತ್ತದೆ. ಹೆದರಿಕೆಯಾದಾಗ ಹೇಳಿಕೊಳ್ಳಲೆಂದು ತಾಯಿ ಬಾಲ್ಯದಲ್ಲಿ ಕಲಿಸಿದ ಗುಟ್ಟಿನ ಪದವೊಂದನ್ನು ಅವಳು ಅವನಿಗೆ ಹೇಳುತ್ತಾಳೆ: ಕಾಕೋಲೂಕೀಯ, ಸಂಸ್ಕೃತ ಪಂಚತಂತ್ರದ ಮೂರನೆಯ ತಂತ್ರದ ಹೆಸರು. ಕೊನೆಗೆ ಕಾಲವೆಲ್ಲ ಹಿಂದಕ್ಕೆ ಉರುಳಿ ಅವಳಿಗೆ ಅವನ ಗುರುತೇ ಇರುವುದಿಲ್ಲ. ಅವನು ನಡೆದದ್ದನ್ನೆಲ್ಲ ಹೇಳುತ್ತಾನೆ, ಅವಳು ನಂಬುವುದಿಲ್ಲ. ಅವನು ಮುತ್ತಿಡುತ್ತಾನೆ. ಅವಳು ತಳ್ಳುತ್ತಾಳೆ. ಅವನು ಕಠಾರಿಯನ್ನು ಒತ್ತಿ ಆ ಮುತ್ತನ್ನು ಆಗದಂತೆ ಮಾಡಿ, ಅದೆಲ್ಲ ಬರೀ ಕಥೆ ಎಂದುಬಿಡುತ್ತಾನೆ. ಹೊರಡುವಾಗ ಹೆಸರು ಕೇಳಿದರೆ ಆ ಗುಟ್ಟಿನ ಪದವನ್ನೇ ಹೇಳುತ್ತಾನೆ.

ಇಪ್ಪತ್ತು ವರ್ಷಗಳಿಂದ ಆಟಗಾರರು ಇದನ್ನು ಅತ್ಯಂತ ಮಧುರವಾದ ಮುಕ್ತಾಯವೆಂದು ನೆನೆಯುತ್ತಾರೆ. ಆ ಮಾಧುರ್ಯ ನನಗೂ ತಟ್ಟುತ್ತದೆ. ಆದರೂ ಫರಾಳ ಕಡೆಯಿಂದ ನೋಡಿ. ಅವಳು ತಳ್ಳಿದಳು, ಆ ತಳ್ಳಿದ್ದೂ ಅಳಿಸಿಹೋಯಿತು. ಅವಳ ‘ಒಲ್ಲೆ’ ಜಗತ್ತಿನ ಯಾವ ದಾಖಲೆಯಲ್ಲೂ ಇಲ್ಲ, ಅವನೊಬ್ಬನ ನೆನಪಿನಲ್ಲಿದೆ. ಅವಳ ಗುಟ್ಟಿನ ಪದ ಅವಳು ಕೊಡದೆಯೇ ಅವನ ಬಳಿ ಇದೆ.

ಈ ಆಟವನ್ನು ಹೊಸದಾಗಿ ಕಟ್ಟುವ ಕೆಲಸವನ್ನು ಯೂಬಿಸಾಫ್ಟ್ 2020ರ ಸೆಪ್ಟೆಂಬರ್‌ನಲ್ಲಿ ಘೋಷಿಸಿದಾಗ ಅದರ ಹೊಣೆ ಪುಣೆ ಮತ್ತು ಮುಂಬಯಿ ಸ್ಟುಡಿಯೋಗಳದಾಗಿತ್ತು. ತುಣುಕು ಬಿಡುಗಡೆಯಾದಾಗ ಚಿತ್ರಗಳ ಗುಣಮಟ್ಟದ ಬಗ್ಗೆ ಲೋಕವೆಲ್ಲ ಟೀಕಿಸಿತು. ಬಿಡುಗಡೆ ಮುಂದಕ್ಕೆ ಹೋಯಿತು. 2022ರ ಮೇ ತಿಂಗಳಲ್ಲಿ ಕೆಲಸ ಮಾಂಟ್ರಿಯಲ್‌ಗೆ ವರ್ಗವಾಯಿತು. ಆಗಿನ ಚರ್ಚೆಯೆಲ್ಲ ಮುಖದ ಹೊಳಪು, ಬೆಳಕು, ಕೂದಲಿನ ಬಗ್ಗೆ. ಭಾರತದ ರಾಜಕುಮಾರಿಯ ಕಥೆಯನ್ನು ಮೊದಲ ಬಾರಿಗೆ ಭಾರತದ ಕೈಗಳು ತಿದ್ದಲಿವೆ, ಹಾಗಾದರೆ ಆ ಕೊನೆಯ ಮುತ್ತನ್ನು ಏನು ಮಾಡುತ್ತೀರಿ ಎಂದು ಕೇಳುವವರು ಹೆಚ್ಚಿರಲಿಲ್ಲ. ಕೇಳಬೇಕಾಗಿತ್ತು ಎಂದು ನನಗೆ ಇಂದಿಗೂ ಅನ್ನಿಸುತ್ತದೆ.

ಇಲ್ಲಿ ಕುಳಿತಿರುವ ವಿದ್ಯಾರ್ಥಿಗಳಿಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. ನಿಮ್ಮಲ್ಲಿ ಕೆಲವರು ಕೋಡ್ ಬರೆಯಲು ಕಲಿಯುತ್ತಿದ್ದೀರಿ, ಕೆಲವರು ಚಿತ್ರ ಬಿಡಿಸುತ್ತೀರಿ. ಆಟಗಳಿಗೆ ಸಂಭಾಷಣೆ ಬರೆಯುವವರೂ ಬೇಕು. ಸಣ್ಣದೊಂದು ಆಟ ಕಟ್ಟಲು ಇಂದು ದೊಡ್ಡ ಕಂಪನಿಯೇ ಬೇಕೆಂದಿಲ್ಲ, ಉಚಿತವಾಗಿ ಸಿಗುವ ಸಲಕರಣೆಗಳಿವೆ. ಯಶೋಧರನ ಆ ರಾತ್ರಿಯನ್ನು ಕಟ್ಟಿ ನೋಡಿ. ಆಟಗಾರನೇ ಯಶೋಧರ. ಗಜಶಾಲೆಯ ಕತ್ತಲು, ಕೈಯಲ್ಲಿ ಕತ್ತಿ, ಎದುರಿಗೆ ಅಮೃತಮತಿ. ಕತ್ತಿ ಬೀಸು, ಹಿಂದಿರುಗು ಎಂಬ ಎರಡು ಸಾಲುಗಳನ್ನು ಜನ್ನನೇ ಬರೆದುಕೊಟ್ಟಿದ್ದಾನೆ. ಅವಳನ್ನು ಮಾತಾಡಿಸು ಎಂಬ ಮೂರನೆಯ ಸಾಲನ್ನು ನೀವು ಬರೆಯಿರಿ. ಆ ಸಾಲನ್ನು ಒತ್ತಿದಾಗ ಅವಳು ಏನು ಹೇಳುತ್ತಾಳೆ ಎಂಬುದನ್ನು ಪೂರ್ತಿಯಾಗಿ ಬರೆಯಿರಿ, ರಾಜನಿಗೆ ರುಚಿಸದ ಮಾತನ್ನೂ ಬಿಡದೆ, ಆಟಗಾರ ಹಿಂದಕ್ಕೆ ಹೋಗಿ ಅಳಿಸಲಾರದಂತೆ. ಕನ್ನಡದಲ್ಲಿ ಬರೆಯಿರಿ. ಓದಿ ನೋಡಲು, ತಿದ್ದಲು, ಆಡಿ ನೋಡಲು ನಾವು ಹಿರಿಯರು ಇದ್ದೇವೆ.